ಉತ್ತರ ಆಮೇಲೆ ಏನಾದ?

ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸುವುದು ನಮ್ಮ ಬಯಲುಸೀಮೆಯ ಹಳ್ಳಿಗಳ ಹಳೆಯ ಪದ್ಧತಿ. ಓದಿಸಿದರೆ ಮಳೆ ಬರುತ್ತದೆಯೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಓದಿಸಿದಷ್ಟು ರಾತ್ರಿಯೂ ಊರಿನ ಜನ ಒಣಗಿದ ಹೊಲದ ಚಿಂತೆಯನ್ನು ಕೊಂಚ ಹೊತ್ತು ಬದಿಗಿಡುತ್ತಾರೆ; ಅಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಬೇಸಗೆಯಲ್ಲಿ ಹಳ್ಳಿಯೊಂದರ ಗುಡಿಯ ಮುಂದೆ ಚಪ್ಪರ ಹಾಕಿ ಕುಮಾರವ್ಯಾಸಭಾರತದ ವಾಚನವನ್ನು ಏರ್ಪಡಿಸಿದ್ದರು. ಓದಲು ಹಿರಿಯ ಗಮಕಿಗಳೊಬ್ಬರು. ಅರ್ಥ ಹೇಳಲು ಕನ್ನಡ ಪಂಡಿತನೆಂಬ ಕಾರಣಕ್ಕೆ ನಾನು.

ಉತ್ತರಕುಮಾರನ ಪ್ರಸಂಗ ಬಂದ ರಾತ್ರಿ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಳೆಯರ ನಡುವೆ ಕುಳಿತು ಭೀಷ್ಮದ್ರೋಣರನ್ನು ಹುಲ್ಲುಕಡ್ಡಿಯಂತೆ ಕಂಡು ಮಾತನಾಡಿದ ಹುಡುಗ, ಕೌರವರ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡುವ ಕಥೆಯನ್ನು ಯಾರು ತಾನೆ ನಗದೆ ಕೇಳಿಯಾರು? ನಾನೂ ಉತ್ಸಾಹದಿಂದ ಅರ್ಥ ಹೇಳಿದೆ. ಕೊನೆಗೆ 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನೂ ಸೇರಿಸಿದೆ. ಜನ ಚಪ್ಪಾಳೆ ತಟ್ಟಿ ನಕ್ಕರು.

ಜನ ಎದ್ದ ಮೇಲೆ ನಲವತ್ತರ ಆಸುಪಾಸಿನವನೊಬ್ಬ ಬಳಿಗೆ ಬಂದು ನಮಸ್ಕರಿಸಿದ. "ನನ್ನ ಗುರುತು ಸಿಗಲಿಲ್ಲವೇ ಸಾರ್?" ಎಂದ. ಸಿಗಲಿಲ್ಲವೆಂದೆ. "ನಾನು ಸಾರ್, ಉತ್ತರಕುಮಾರ" ಎಂದು ನಕ್ಕ. ಆಗ ನೆನಪಾಯಿತು.

ಅದು ನಾನು ಕೆಲಸಕ್ಕೆ ಸೇರಿದ ಹೊಸತು. ಶಾಲೆಯ ವಾರ್ಷಿಕೋತ್ಸವದಲ್ಲಿ ಕಾಗದ ನೋಡದೆ ಹತ್ತು ನಿಮಿಷ ಮಾತನಾಡುತ್ತೇನೆಂದು ಈ ಹುಡುಗ ತರಗತಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ವೇದಿಕೆ ಹತ್ತಿದ, ಮುಂದೆ ಕುಳಿತಿದ್ದ ಜನರನ್ನು ನೋಡಿದ, 'ಮಾನ್ಯ ಅಧ್ಯಕ್ಷರೇ' ಎಂದ, ಅಷ್ಟಕ್ಕೆ ಗಂಟಲು ಒಣಗಿ ಹಿಂದಿನ ಬಾಗಿಲಿಂದ ಇಳಿದು ಹೋದ. ಮಾರನೆಯ ದಿನ ಪಾಠದ ನಡುವೆ ನಾನು ಅವನ ಕಡೆ ತಿರುಗಿ ಅದೇ ಗಾದೆಯನ್ನು ಹೇಳಿದೆ. ಇಡೀ ತರಗತಿ ನಕ್ಕಿತು. ಸಮಯಕ್ಕೆ ಸರಿಯಾದ ಗಾದೆ ನಾಲಿಗೆಗೆ ಬಂದಿತೆಂದು ನನಗೂ ಒಳಗೊಳಗೇ ಸಂತೋಷವಾಯಿತೆಂಬುದನ್ನು ಮರೆಮಾಚುವುದಿಲ್ಲ. ಅಂದಿನಿಂದ ಅವನ ಹೆಸರು ಉತ್ತರಕುಮಾರನೆಂದಾಯಿತು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯ ಕಷ್ಟವೂ ಕಾರಣವಾಗಿದ್ದಿರಬಹುದು. ನಾನು ವಿಚಾರಿಸಲಿಲ್ಲ, ವಿಚಾರಿಸಬೇಕಾಗಿತ್ತು.

"ಈಗ ಊರಲ್ಲಿ ನಮ್ಮ ಮನೆಗೆ ಉತ್ತರನ ಮನೆ ಅಂತಲೇ ಹೆಸರು ಸಾರ್. ಮಗಳು ಶಾಲೆಗೆ ಹೋದರೆ ಉತ್ತರನ ಮಗಳು ಅಂತಾರೆ" ಎಂದ. ಮಾತಿನಲ್ಲಿ ದೂರು ಇರಲಿಲ್ಲ. ಅನಂತರ ಕೇಳಿದ: "ಒಂದು ಮಾತು ಸಾರ್. ಉತ್ತರ ಆಮೇಲೆ ಏನಾದ?"

"ಅವನ ತಂಗಿಯನ್ನು ಅಭಿಮನ್ಯುವಿಗೆ ಕೊಟ್ಟು ಮದುವೆ ಮಾಡಿದರಪ್ಪ" ಎಂದೆ.

"ತಂಗಿಯ ವಿಷಯ ಗೊತ್ತು ಸಾರ್. ಇವನು?"

ಓದುಗರೇ, ಷಟ್ಪದಿಯ ಲಕ್ಷಣವನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ ನನಗೆ ಆ ಪ್ರಶ್ನೆಗೆ ಮಾತು ಹೊರಡಲಿಲ್ಲ. ಎಂದೋ ಓದಿದ್ದಿರಬೇಕು, ಮನಸ್ಸಿನಲ್ಲಿ ನಿಂತಿರಲಿಲ್ಲ. ನೋಡಿ ಹೇಳುತ್ತೇನೆಂದು ಅವನನ್ನು ಕಳುಹಿಸಿ, ಮನೆಗೆ ಬಂದು ವ್ಯಾಸಭಾರತವನ್ನು ತೆಗೆದು ಕುಳಿತೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಸಂದರ್ಭವನ್ನು ನೆನಪಿಗೆ ತಂದುಕೊಳ್ಳೋಣ. ತ್ರಿಗರ್ತದ ಸುಶರ್ಮನು ವಿರಾಟನ ಗೋವುಗಳನ್ನು ಹಿಡಿದನೆಂದು ಮತ್ಸ್ಯರಾಜನು ತನ್ನ ಸೈನ್ಯವನ್ನೆಲ್ಲ ಕರೆದುಕೊಂಡು ಹೊರಟುಹೋಗಿದ್ದಾನೆ. ಮಾರುವೇಷದ ಧರ್ಮಜ, ಭೀಮ, ನಕುಲ, ಸಹದೇವರೂ ಅವನ ಜೊತೆಗೆ ಹೋಗಿದ್ದಾರೆ. ಇತ್ತ ಇನ್ನೊಂದು ದಿಕ್ಕಿನಿಂದ ದುರ್ಯೋಧನನು ಬಂದು ಅರುವತ್ತು ಸಾವಿರ ಗೋವುಗಳನ್ನು ಅಟ್ಟಿಕೊಂಡು ಹೊರಟ ಸುದ್ದಿಯನ್ನು ಗೋವಳರ ಒಡೆಯನು ಅರಮನೆಗೆ ತರುತ್ತಾನೆ. ಊರಿನಲ್ಲಿ ಉಳಿದವನು ಹುಡುಗನೊಬ್ಬನೇ. ವ್ಯಾಸರು ಅವನಿಗೆ ಭೂಮಿಂಜಯನೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ನೆಲವನ್ನು ಗೆದ್ದವನೆಂದು ಅದರ ಅರ್ಥ. ಅಂತಃಪುರದ ಹೆಂಗಸರ ನಡುವೆ ಗೋವಳನು ಅವನನ್ನು ಹೊಗಳುತ್ತಾನೆ. ಹೊಗಳಿಕೆ ತಲೆಗೇರಿ ಹುಡುಗನು ಜಂಬ ಕೊಚ್ಚುತ್ತಾನೆ: ಸಾರಥಿಯೊಬ್ಬನಿದ್ದರೆ ಸಾಕು, ಕೌರವರನ್ನು ಈಗಲೇ ಗೆದ್ದು ಬರುತ್ತೇನೆ, ಏನು ಮಾಡಲಿ, ಹಿಂದೆ ಇಪ್ಪತ್ತೆಂಟು ದಿನವೋ ಒಂದು ತಿಂಗಳೋ ನಡೆದ ಕಾಳಗದಲ್ಲಿ ನನ್ನ ಸಾರಥಿ ಸತ್ತುಹೋದ ಎಂದು. ಬೃಹನ್ನಳೆಯಿದ್ದಾಳಲ್ಲ ಎಂದು ದ್ರೌಪದಿ ಸೂಚಿಸುತ್ತಾಳೆ. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಆದರೆ ಓಡುವ ಮೊದಲು ಅವನು ಆಡಿದ ಮಾತನ್ನು ನಾವು ಗಮನಿಸುವುದಿಲ್ಲ. ತಂದೆಯು ಸೈನ್ಯವನ್ನೆಲ್ಲ ಕರೆದುಕೊಂಡು ಹೋಗಿ ನನ್ನನ್ನು ಬರಿದಾದ ಊರಿನಲ್ಲಿ ಬಿಟ್ಟ. ನನಗೆ ಒಬ್ಬ ಸೈನಿಕನೂ ಇಲ್ಲ. ನಾನು ಒಬ್ಬ, ಹುಡುಗ, ಪಳಗದವನು. ಅವರು ಬಹಳ ಮಂದಿ, ಅಸ್ತ್ರ ಬಲ್ಲವರು ಎಂದು ಅವನು ಹೇಳುತ್ತಾನೆ. ಇದರಲ್ಲಿ ಸುಳ್ಳು ಯಾವುದು? ಅಂತಃಪುರದಲ್ಲಿ ಆಡಿದ್ದು ಜಂಬ. ರಣರಂಗದಲ್ಲಿ ಆಡಿದ್ದು ಇದ್ದದ್ದು ಇದ್ದಂತೆ. ಇದಾದ ಮೇಲೆ ಅವನು ರಥದಿಂದ ಹಾರಿ ಓಡುವುದು, ಜಡೆ ಬಿಚ್ಚಿ ಕೆಂಪು ಬಟ್ಟೆ ಹಾರಿಸುತ್ತ ಅರ್ಜುನನು ಅಟ್ಟಿಸಿಕೊಂಡು ಹೋಗುವುದು, ನೂರು ಹೆಜ್ಜೆಯೊಳಗೆ ಅವನ ಕೂದಲು ಹಿಡಿಯುವುದು, ಬಿಟ್ಟುಬಿಡು, ನೂರು ಚಿನ್ನದ ನಿಷ್ಕ ಕೊಡುತ್ತೇನೆ, ಎಂಟು ವೈಡೂರ್ಯ ಕೊಡುತ್ತೇನೆ, ಹತ್ತು ಆನೆ ಕೊಡುತ್ತೇನೆ ಎಂದು ಅವನು ಅಂಗಲಾಚುವುದು ಎಲ್ಲವೂ ವ್ಯಾಸರಲ್ಲೇ ಇದೆ. ನಗೆ ಅಲ್ಲಿಯೂ ಇದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ.

ಅರ್ಜುನನು ಅವನನ್ನು ರಥಕ್ಕೆ ಹತ್ತಿಸಿ, ಯುದ್ಧ ನಾನು ಮಾಡುತ್ತೇನೆ, ಕುದುರೆ ನೀನು ಹಿಡಿ ಎನ್ನುತ್ತಾನೆ. ಶಮೀವೃಕ್ಷವನ್ನು ಹತ್ತಿ ಆಯುಧಗಳನ್ನು ಇಳಿಸಿದವನು ಉತ್ತರ. ಬೆಳಗ್ಗೆ ಯಾವ ಸೇನೆಯನ್ನು ಕಂಡು ಓಡಿದನೋ ಅದೇ ಸೇನೆಯ ನಡುವೆ, ಭೀಷ್ಮ, ದ್ರೋಣ, ಕರ್ಣರ ಬಾಣಗಳ ಎದುರಿಗೆ, ರಥ ನಡೆಸಿದವನೂ ಅವನೇ. ಶಂಖದ ಮೊಳಗಿಗೆ ನಡುಗಿ ರಥದಲ್ಲೇ ಕುಸಿಯುತ್ತಾನೆ. ನನ್ನಿಂದಾಗದೆಂದು ನಡುವೆ ಮತ್ತೆ ಕೈಚೆಲ್ಲುತ್ತಾನೆ. ಆದರೂ ಎದ್ದು ಲಗಾಮು ಹಿಡಿಯುತ್ತಾನೆ. ಭಯ ಹೋದದ್ದರಿಂದ ಅವನು ನಿಂತನೆಂದು ವ್ಯಾಸರು ಹೇಳುವುದಿಲ್ಲ. ಭಯವಿದ್ದೂ ನಿಂತನೆಂದು ತೋರಿಸುತ್ತಾರೆ.

ಇನ್ನೊಂದು ಸಂಗತಿಯಂತೂ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಹೊರಡುವಾಗ ಹುಡುಗಿಯರು ಬೊಂಬೆಗಳಿಗೆ ಉಡಿಸಲು ಕೌರವವೀರರ ಬಣ್ಣಬಣ್ಣದ ಬಟ್ಟೆಗಳನ್ನು ತರಬೇಕೆಂದು ಬೃಹನ್ನಳೆಯನ್ನು ಕೇಳಿರುತ್ತಾರೆ. ಸಮ್ಮೋಹನಾಸ್ತ್ರದಿಂದ ಕೌರವರು ಮೈಮರೆತಾಗ ಅರ್ಜುನನಿಗೆ ಆ ಮಾತು ನೆನಪಾಗುತ್ತದೆ. ರಥ ಇಳಿದು ಹೋಗಿ ದ್ರೋಣ ಕೃಪರ ಬಿಳಿಯ ಬಟ್ಟೆ, ಕರ್ಣನ ಹಳದಿ ಬಟ್ಟೆ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ತಾ; ಭೀಷ್ಮನ ಹತ್ತಿರ ಮಾತ್ರ ಹುಷಾರು, ಆತನಿಗೆ ಈ ಅಸ್ತ್ರದ ಪ್ರತೀಕಾರ ಗೊತ್ತು ಎಂದು ಅರ್ಜುನನು ಉತ್ತರನನ್ನು ಕಳುಹಿಸುತ್ತಾನೆ. ಯಾವ ನೆಲದಿಂದ ಹುಡುಗ ಓಡಿದ್ದನೋ ಅದೇ ನೆಲದಲ್ಲಿ ಈಗ ಒಬ್ಬನೇ ನಡೆದುಹೋಗಿ, ಮೈಮರೆತ ಮಹಾರಥರ ಮೈಮೇಲಿನ ಬಟ್ಟೆಗಳನ್ನು ತೆಗೆದುಕೊಂಡು ಬರುತ್ತಾನೆ.

ಊರಿಗೆ ಹಿಂದಿರುಗುವಾಗ ಅರ್ಜುನನು ಅವನಿಗೆ ಒಂದು ಸುಲಭದ ದಾರಿ ತೋರುತ್ತಾನೆ: ನಾವು ಯಾರೆಂಬುದು ಗುಟ್ಟಾಗಿರಲಿ; ಗೆದ್ದವನು ನಾನೇ ಎಂದು ನಿನ್ನ ತಂದೆಗೆ ಹೇಳು. ಜಂಬದ ಕೋಳಿಗೆ ಇದಕ್ಕಿಂತ ಬೇರೆ ಏನು ಬೇಕು? ಉತ್ತರನು ಒಪ್ಪುವುದಿಲ್ಲ. ನೀನು ಮಾಡಿದ ಕೆಲಸ ನನ್ನಿಂದ ಆಗುವಂಥದಲ್ಲ. ನೀನು ಹೇಳುವ ತನಕ ನಿನ್ನ ಗುಟ್ಟನ್ನು ಮಾತ್ರ ಬಿಡುವುದಿಲ್ಲ ಎನ್ನುತ್ತಾನೆ.

ಅರಮನೆಯಲ್ಲಿ ಅಷ್ಟರೊಳಗೆ ಅನಾಹುತ ನಡೆದಿದೆ. ಮಗ ಗೆದ್ದನೆಂದು ವಿರಾಟನು ಹಿಗ್ಗುತ್ತಿದ್ದರೆ, ಬೃಹನ್ನಳೆ ಜೊತೆಗಿದ್ದಮೇಲೆ ಗೆಲ್ಲದೆ ಏನು ಎಂದು ಕಂಕಭಟ್ಟನು ಅನ್ನುತ್ತಾನೆ. ಸಿಟ್ಟಿಗೆದ್ದ ರಾಜನು ಪಗಡೆಯ ದಾಳದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ. ಮೂಗಿನಿಂದ ರಕ್ತ ಸುರಿಯುತ್ತದೆ. ಒಳಗೆ ಬಂದ ಉತ್ತರನು ಕೇಳುವ ಮೊದಲ ಮಾತು ಇವರನ್ನು ಹೊಡೆದವರಾರು ಎಂಬುದು. ನಾನೇ ಎಂದು ತಂದೆ ಹೇಳಿದಾಗ, ತಪ್ಪು ಮಾಡಿದೆ, ತಡಮಾಡದೆ ಕ್ಷಮೆ ಬೇಡಿಕೊ ಎನ್ನುತ್ತಾನೆ. ತಂದೆಯೂ ರಾಜನೂ ಆದವನ ತಪ್ಪನ್ನು ತುಂಬಿದ ಸಭೆಯಲ್ಲಿ ಎತ್ತಿ ಹೇಳುವುದಕ್ಕೆ ಬೇಕಾದ ಎದೆಗಾರಿಕೆ ಸಾಮಾನ್ಯವಾದದ್ದೇ? ಅನಂತರ ವಿರಾಟನು ಮಗನನ್ನು ಹೊಗಳತೊಡಗಿದರೆ, ಗೋವುಗಳನ್ನು ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ. ಹೆದರಿ ಓಡುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿದವನೂ ಅವನೇ ಎಂದು ಬಾಯಿಬಿಟ್ಟು ಹೇಳುತ್ತಾನೆ. ತಾನು ಓಡಿದ ಸಂಗತಿಯನ್ನು ತಂದೆಯ ಸಭೆಗೆ ತಿಳಿಸಿದವನು ಉತ್ತರನೇ. ಬೇರೆ ಯಾರೂ ಅಲ್ಲ.

ಈ ಉತ್ತರನನ್ನು ಹಿಂದಿನವರು ಕಾಣದೆ ಇರಲಿಲ್ಲ. ತಿರುವನಂತಪುರದ ಗಣಪತಿ ಶಾಸ್ತ್ರಿಗಳು 1912ರಿಂದ ಬೆಳಕಿಗೆ ತಂದ, ಭಾಸನವೆಂದು ಹೇಳುವ ನಾಟಕಗಳಲ್ಲಿ 'ಪಂಚರಾತ್ರ'ವೂ ಒಂದು. ಅದರಲ್ಲಿ ಬರುವ ಉತ್ತರನು ಮಾಡದ ಕೆಲಸಕ್ಕೆ ಬಂದ ಹೊಗಳಿಕೆಯನ್ನು ಕೇಳಿ ನಾಚಿಕೊಳ್ಳುವ ಹುಡುಗ.

ಹಾಗಾದರೆ ನಮ್ಮ ಕನ್ನಡದ ಜನ ಓಡಿಹೋದ ಉತ್ತರನನ್ನು ಮಾತ್ರ ಏಕೆ ಇಟ್ಟುಕೊಂಡರು? 941ರಲ್ಲಿ ಪಂಪನು ಬರೆದ 'ವಿಕ್ರಮಾರ್ಜುನ ವಿಜಯ' ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡ ಕಾವ್ಯ. ನಾಯಕನ ಹಿರಿಮೆಯೇ ಗುರಿಯಾದ ಅಂಥ ಕಾವ್ಯದಿಂದ ಉತ್ತರನಂಥವನು ಜನರ ನಾಲಿಗೆಗೆ ಬರುವುದು ಕಷ್ಟ. ಹದಿನೈದನೆಯ ಶತಮಾನದ ಮೊದಲ ಭಾಗದವನೆಂದು ಸಾಮಾನ್ಯವಾಗಿ ಹೇಳುವ ಕುಮಾರವ್ಯಾಸನ ದಾರಿ ಬೇರೆ. ಅವನ ಭಾಮಿನಿ ಷಟ್ಪದಿ ಓದಿ ಕೇಳಿಸುವ ಕಾವ್ಯ. ಗದುಗಿನ ಕವಿ ಉತ್ತರನಿಗೆ ನಾಲಿಗೆಯನ್ನು ಕೊಟ್ಟ. ಅದೂ ನಮ್ಮ ಮನೆಯಂಗಳದ, ಜಗಲಿಕಟ್ಟೆಯ ನಾಲಿಗೆಯನ್ನು. ಹಾಗೆ ಮಾತನಾಡುವವರನ್ನು ಕೇಳುಗರು ತಮ್ಮ ಬೀದಿಯಲ್ಲೇ ಕಂಡಿದ್ದರು. ಜಂಬ, ದರ್ಶನ, ಓಟ ಇಷ್ಟರಲ್ಲಿ ಒಂದು ರಾತ್ರಿಯ ವಾಚನಕ್ಕೆ ಬೇಕಾದ ರಸವೆಲ್ಲ ತುಂಬಿದೆ. ದೀಪ ಆರಿಸಿ ಮನೆಗೆ ಹೋಗುವ ಕೇಳುಗನು ತನ್ನೊಡನೆ ಒಯ್ಯುವುದು ಆ ನಗೆಯನ್ನು. ಯಕ್ಷಗಾನದ ಆಟವೂ ತಾಳಮದ್ದಳೆಯ ಮಾತುಗಾರಿಕೆಯೂ ಆ ನಗೆಯನ್ನು ಇನ್ನಷ್ಟು ಬೆಳೆಸಿದವು. ಕಡೆಗೆ ಗಾದೆ ಹುಟ್ಟಿತು. ಗಾದೆಗೆ ಬೇಕಾದದ್ದು ಒಬ್ಬ ಮನುಷ್ಯ, ಒಂದು ಗುಣ. ಕುಂಭಕರ್ಣನೆಂದರೆ ನಿದ್ದೆ, ಅಣ್ಣನಿಗೆ ಬುದ್ಧಿ ಹೇಳಿ, ಕೇಳದಿದ್ದಾಗ ಅವನಿಗಾಗಿಯೇ ಹೋಗಿ ಸತ್ತ ಕುಂಭಕರ್ಣ ಗಾದೆಗೆ ಬೇಡ.

ಉಪಪಾತ್ರಗಳಿಗೆ ಸ್ವಂತದ ಬಾಳು ಬರುವ ದಾರಿಗಳಲ್ಲಿ ಇದು ಒಂದು: ಕಾವ್ಯದಿಂದ ಇಳಿದು ಬೀದಿಗೆ ಬರುವುದು. ಇನ್ನೊಂದು ದಾರಿಯೂ ಇದೆ. ಹಿಂದಿನ ಕವಿ ಒಂದೆರಡು ಮಾತಿನಲ್ಲಿ ಬಿಟ್ಟುಹೋದವರನ್ನು ಮುಂದಿನ ಕವಿ ಕೈಹಿಡಿದು ಎಬ್ಬಿಸುವುದು. ಹದಿನಾಲ್ಕು ವರ್ಷ ಗಂಡನಿಲ್ಲದೆ ಅಯೋಧ್ಯೆಯಲ್ಲಿ ಉಳಿದ ಊರ್ಮಿಳೆಯನ್ನು ಕವಿಗಳು ಮರೆತರೆಂದು ರವೀಂದ್ರನಾಥ ಠಾಕೂರರು ಕಾವ್ಯದ ಉಪೇಕ್ಷಿತೆಯರನ್ನು ಕುರಿತು ಬರೆಯುತ್ತ ಮರುಗಿದರು. ಹಿಂದಿಯಲ್ಲಿ ಮೈಥಿಲೀಶರಣ ಗುಪ್ತರ 'ಸಾಕೇತ' ಅವಳ ಕಣ್ಣೀರಿಗೆ ದೊಡ್ಡ ಜಾಗ ಕೊಟ್ಟಿತು. ನಮ್ಮಲ್ಲಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' 1949ರಲ್ಲಿ ಹೊರಬಂದಾಗ ಊರ್ಮಿಳೆಯೂ ಹೊಸ ಬೆಳಕಿನಲ್ಲಿ ಬಂದಳು. ಎಲ್ಲರೂ ಬೈದ ಮಂಥರೆಯೂ ಬಂದಳು. ಮಂಥರೆಯ ಆ ಸಂಚಿಕೆಗೆ ಕವಿಯಿಟ್ಟ ಹೆಸರು 'ಮಮತೆಯ ಸುಳಿ ಮಂಥರೆ' ಎಂದು. ಅವಳ ಕೇಡಿನ ಬೇರಿನಲ್ಲಿ ಭರತನ ಮೇಲಿನ ಪ್ರೀತಿಯನ್ನು ಕವಿ ಕಂಡರು. ಅದಕ್ಕೆ ಮೊದಲೇ, 1947ರ 'ಬೆರಳ್ಗೆ ಕೊರಳ್' ನಾಟಕದಲ್ಲಿ ಏಕಲವ್ಯನ ಕಥೆಯನ್ನೂ ಅವರು ಎತ್ತಿಕೊಂಡಿದ್ದರು. ಇವರಿಗೆಲ್ಲ ಕವಿಗಳು ಸಿಕ್ಕಿದರು. ಉತ್ತರನಿಗೆ ಸಿಕ್ಕಿದ್ದು ಗಾದೆ.

ಇನ್ನು ನನ್ನ ಶಿಷ್ಯನ ಪ್ರಶ್ನೆ. ಅದಕ್ಕೆ ಸಮಾಧಾನ ಭೀಷ್ಮಪರ್ವದಲ್ಲಿದೆ. ಕುರುಕ್ಷೇತ್ರದ ಮೊದಲನೆಯ ದಿನ ಉತ್ತರನು ಪಾಂಡವರ ಕಡೆಯಿಂದ ಆನೆಯೇರಿ ಮದ್ರರಾಜ ಶಲ್ಯನ ಮೇಲೆ ಏರಿಹೋಗುತ್ತಾನೆ. ಆ ಆನೆ ಶಲ್ಯನ ರಥದ ನೊಗದ ಮೇಲೆ ಕಾಲಿಟ್ಟು ನಾಲ್ಕು ಕುದುರೆಗಳನ್ನೂ ಕೊಲ್ಲುತ್ತದೆ. ಕುದುರೆ ಸತ್ತ ರಥದಲ್ಲಿ ನಿಂತೇ ಶಲ್ಯನು ಕಬ್ಬಿಣದ ಶಕ್ತ್ಯಾಯುಧವನ್ನು ಎಸೆಯುತ್ತಾನೆ. ಅದು ಕವಚವನ್ನು ಸೀಳುತ್ತದೆ. ಕೈಯಲ್ಲಿದ್ದ ಅಂಕುಶವೂ ತೋಮರವೂ ಜಾರಿ, ಹುಡುಗನು ಆನೆಯ ಮೇಲಿಂದ ಕೆಳಗೆ ಬೀಳುತ್ತಾನೆ. ಅಣ್ಣತಮ್ಮಂದಿರಲ್ಲಿ ಇನ್ನೊಬ್ಬನಾದ ಶ್ವೇತನು ಅದನ್ನು ಕಂಡು ಕೆರಳಿ ನುಗ್ಗಿ, ಅದೇ ದಿನ ಭೀಷ್ಮನ ಕೈಯಲ್ಲಿ ಸಾಯುತ್ತಾನೆ. ಹದಿನೆಂಟು ದಿನದ ಯುದ್ಧದಲ್ಲಿ ಪಾಂಡವರ ಪಕ್ಷದಿಂದ ಮೊದಲಿಗೆ ಬಿದ್ದ ರಾಜಕುಮಾರರಲ್ಲಿ ಉತ್ತರನೊಬ್ಬ. ಯುದ್ಧ ಅವನ ಮನೆತನದ್ದಲ್ಲ. ರಾಜ್ಯ ಕಳೆದುಕೊಂಡವರು ಅವರ ಮನೆಯವರಲ್ಲ. ಆ ದಿನ ಓಡುವುದಕ್ಕೆ ದಾರಿ ಬೇಕಾದಷ್ಟಿತ್ತು.

ವಾಚನದ ಕೊನೆಯ ರಾತ್ರಿ, ಮಂಗಳಕ್ಕೆ ಮೊದಲು, ಗಮಕಿಗಳ ಅಪ್ಪಣೆ ಪಡೆದು ಕಾಲು ಗಂಟೆ ಈ ಕಥೆಯನ್ನು ಹೇಳಿದೆ. ವಿರಾಟಪರ್ವದಲ್ಲಿ ಭೀಷ್ಮಪರ್ವವನ್ನು ತರುವುದು ಕ್ರಮವಲ್ಲವೆಂದು ಬಲ್ಲೆ. ಮೊದಲ ದಿನ ನಕ್ಕವರೇ ಅಂದು ಸುಮ್ಮನೆ ಕೇಳಿದರು. ನನ್ನ ಶಿಷ್ಯನು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಜೊತೆಯಲ್ಲಿ ಎಂಟು ಹತ್ತು ವರ್ಷದ ಒಬ್ಬ ಹುಡುಗಿಯಿದ್ದಳು. ತುಂಬಿದ ಸಭೆಯಲ್ಲಿ ಅವನನ್ನು ನಾನು ನಗೆಪಾಟಲು ಮಾಡಿದ್ದೆ. ತಪ್ಪನ್ನೂ ತುಂಬಿದ ಸಭೆಯಲ್ಲೇ ಒಪ್ಪಿಕೊಳ್ಳಬೇಕೆಂದು ಉತ್ತರನಿಂದಲೇ ಕಲಿತಿದ್ದೆ. ಅವನ ಹೆಸರು ಹಿಡಿದು ಕರೆದು, ಶಾಲೆಯಲ್ಲಿ ಅಂದು ನಾನು ಆಡಿದ ಮಾತು ಆಡಬಾರದಾಗಿತ್ತೆಂದು ಹೇಳಿದೆ. ಅವನು ಕೈಮುಗಿದ, ಏನೂ ಹೇಳಲಿಲ್ಲ.

ಮುಂದೆ ಕುಳಿತಿದ್ದ ಒಬ್ಬ ಮುದುಕಮ್ಮ ಮಾತ್ರ, "ಅಲ್ಲ ಸ್ವಾಮಿ, ಒಂದೇ ದಿನ ಎರಡೆರಡು ಮಕ್ಕಳು ಹೋದರಲ್ಲ, ಆ ಮನೆಗೆ ಸುದ್ದಿ ಕೊಟ್ಟವರು ಯಾರು?" ಎಂದು ಕೇಳಿದಳು. ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಯಾರಾದರೂ ಒಬ್ಬ ಕವಿಯ ಕಿವಿಗೆ ಆ ಮುದುಕಮ್ಮನ ಪ್ರಶ್ನೆ ಬೀಳಬೇಕು.

ಓದುಗರಲ್ಲಿ ನನ್ನ ಅರಿಕೆ ಇಷ್ಟೆ. ಗಾದೆ ಒಳ್ಳೆಯ ಗಾದೆ. ಕುಮಾರವ್ಯಾಸನ ನಗೆಯಲ್ಲಿ ದೋಷವಿಲ್ಲ. ದೊಡ್ಡ ಬಾಯಿಯ ದೊಡ್ಡವರನ್ನು ಕಂಡಾಗ ಧಾರಾಳವಾಗಿ ಅದನ್ನು ಬಳಸಿ. ಆದರೆ ವೇದಿಕೆಯಿಂದ ಇಳಿದು ಓಡಿದ ಹುಡುಗನೊಬ್ಬ ನಿಮ್ಮ ಮನೆಯಲ್ಲಿದ್ದರೆ, ಅವನಿಗೆ ಉತ್ತರನ ಕಥೆಯನ್ನು ಮೊದಲ ದಿನಕ್ಕೆ ನಿಲ್ಲಿಸದೆ ಕೊನೆಯ ತನಕ ಹೇಳಿ. ನಾನು ಈಗ ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ. ಬಟ್ಟೆ ತರಲು ಹುಡುಗನು ರಥದಿಂದ ಇಳಿಯುವ ಭಾಗ ಬಂದಾಗ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಾರೆ. ಭೀಷ್ಮನು ಕಣ್ಣು ಬಿಟ್ಟಾನೋ ಎಂದು ಅವರಿಗೆಲ್ಲ ಭಯ.